ಹೂ ಬಿಡದ ಗಣಿಕೆ

ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಾರದ ನಡುವಿನ ದಿನಗಳಲ್ಲಿ ನಿಮ್ಮ ಹಿತ್ತಲ ಗೋಡೆಯ ಬುಡವನ್ನೊಮ್ಮೆ ಬಗ್ಗಿ ನೋಡಿ. ಯಾರೂ ಬಿತ್ತದ, ಯಾರೂ ನೀರುಣಿಸದ ಗಿಡಗಳು ಅಲ್ಲಿ ತಮ್ಮ ಪಾಡಿಗೆ ತಾವು ಹೂ ಬಿಟ್ಟಿರುತ್ತವೆ: ತುಂಬೆಯ ಬಿಳಿ, ನೆಗ್ಗಿಲಿನ ಹಳದಿ, ವಿಷ್ಣುಕ್ರಾಂತಿಯ ನೀಲಿ. ಕಳೆಯೆಂದು ನಾವು ಕಿತ್ತೆಸೆಯುವ ಈ ಗಿಡಗಳನ್ನು ಹೂವಿನಿಂದ ಗುರುತಿಸುವುದು ಸುಲಭ. ಅದು ಅರಳುವ ತನಕ ಹಸಿರೆಲ್ಲ ಒಂದೇ ಹಸಿರು. ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ.

ಚನ್ನಗಿರಿ ಕಡೆಯ ನಲ್ಲೂರಿನಲ್ಲಿ ಹುಟ್ಟಿದ ನಾನು ಜಗಳೂರಿನ ಬಳಿಯ ಹಳ್ಳಿಗೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹದಿನೇಳನೆಯ ವಯಸ್ಸಿಗೆ. ರೇಷನ್ ಡಿಪೋದ ಬಾಗಿಲಲ್ಲಿ ದಿನವಿಡೀ ನಿಂತರೂ ಎಷ್ಟೋ ಸಲ ಬರಿಗೈಯಲ್ಲಿ ಮರಳಬೇಕಾಗಿತ್ತು. ನಮ್ಮ ಒಲೆ ಆರದಂತೆ ನೋಡಿಕೊಂಡದ್ದು ಊರ ಕೆರೆ. ಬಿಸಿಲೇರಿದಂತೆ ನೀರು ಹಿಂದೆ ಸರಿದು, ಬಿಟ್ಟುಹೋದ ಹಸಿ ಮಣ್ಣಿನಲ್ಲಿ ಹೊನಗೊನ್ನೆ, ಗೋಣಿ, ಗಣಿಕೆ ಸೊಪ್ಪುಗಳು ಏಳುತ್ತಿದ್ದವು. ಅತ್ತೆ ಸಿದ್ದವ್ವ ನನ್ನನ್ನು ಅಲ್ಲಿಗೆ ಕರೆದೊಯ್ದು ಒಂದೊಂದನ್ನೂ ಗುರುತು ಹಿಡಿಸಿದರು. ಗಣಿಕೆಯ ಮುಂದೆ ಮಾತ್ರ ಕುಕ್ಕರಗಾಲಲ್ಲಿ ಕೂತೇಬಿಟ್ಟರು.

"ನೋಡವ್ವ, ಇದರ ಮಗ್ಗುಲಾಗೇ ದತ್ತೂರಿ ಹುಟ್ಟತೈತೆ. ಎಳೇದಾಗಿದ್ದಾಗ ಎರಡೂ ಅಕ್ಕತಂಗೇರು ಇದ್ದಂಗೆ. ಗಣಿಕೇದು ಅಕ್ಕಿಕಾಳಿನಷ್ಟು ಬಿಳೀ ಹೂವು, ದತ್ತೂರೀದು ಕಹಳೆಯಂಥಾದ್ದು. ಹೂ ಬರೋತನಕ ಕೀಳಾಕೆ ಹೋಗಬ್ಯಾಡ."

"ನಮ್ಮೂರಾಗೂ ಗಣಿಕೆ ಐತೆ ಅತ್ತೆ, ನನಗೆ ಗೊತ್ತಿಲ್ವಾ?" ಎಂದು ನಕ್ಕೆ. ತವರಿನ ಜಂಭದ ಆ ನಗು ಇಂದಿಗೂ ನನ್ನ ಕಿವಿಯಲ್ಲಿದೆ.

ದಿನ ಕಳೆದಂತೆ ಊರ ಹೆಂಗಸರೆಲ್ಲ ಕೆರೆಯಂಗಳಕ್ಕೆ ಇಳಿದರು. ಹೂ ಬಿಟ್ಟ ಗಣಿಕೆ ಒಂದೂ ಉಳಿಯಲಿಲ್ಲ. ಒಂದು ಸೋಮವಾರ, ನನ್ನ ಗಂಡ ಹುಲ್ಲು ತರಲು ಗಾಡಿ ಕಟ್ಟಿಕೊಂಡು ಹೊನ್ನಾಳಿ ಕಡೆಗೆ ಹೋಗಿದ್ದ, ಮಾವ ಡಿಪೋಗೆ ಹೋಗಿದ್ದರು. ಮೊಣಕಾಲು ಹಿಡಿದು ಮಲಗಿದ್ದ ಅತ್ತೆ ಹಿಂದಿನ ದಿನದಿಂದ ಏನೂ ಉಂಡಿರಲಿಲ್ಲ. ನಾನೊಬ್ಬಳೇ ಹೋದೆ. ಏರಿಯ ಕಲ್ಲುಗಳ ಸಂದಿನಲ್ಲಿ ಎಳೆಯ ಗಿಡಗಳ ಒಂದು ಮಡಿ ಯಾರ ಕೈಯೂ ತಾಕದೆ ನಿಂತಿತ್ತು. ಇಷ್ಟು ಹೆಂಗಸರು ಅದನ್ನೇಕೆ ಬಿಟ್ಟುಹೋದರೆಂದು ನಾನು ಯೋಚಿಸಲಿಲ್ಲ. ಎಲೆ ತಿಕ್ಕಿ ಮೂಸಿದಾಗ ಸಣ್ಣಗೆ ಕಮಟು ವಾಸನೆ ಬಂತು, ಕೆರೆಯ ಮಣ್ಣಿನದೆಂದುಕೊಂಡೆ. ಹಸಿವಿಗೆ ಕಾಯುವ ವ್ಯವಧಾನವಿರುವುದಿಲ್ಲ. ನಮಗೆ ಹಸಿವಾಗಿದೆಯೆಂದು ಯಾವ ಗಿಡವೂ ಬೇಗ ಹೂ ಬಿಡುವುದಿಲ್ಲ.

ಅದನ್ನೇ ಕಿತ್ತು ತಂದು ಬೇಯಿಸಿದೆ. ಬಡಿಸುವಾಗ ಅತ್ತೆ ಕೇಳಿದರು, "ಹೂ ನೋಡಿದ್ಯೇನವ್ವ?"

"ನೋಡ್ದೆ," ಎಂದೆ.

ಸೋಮವಾರ ನನ್ನದು ಒಪ್ಪತ್ತು, ಸಂಜೆಗೇ ಊಟ. ಅತ್ತೆ ಒಬ್ಬರೇ ಉಂಡರು. "ವಸಿ ಕಹಿ ಐತೆ," ಎಂದವರು ತಟ್ಟೆಯಲ್ಲಿ ಒಂದು ದಂಟನ್ನೂ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ನೀರು ಬೇಡತೊಡಗಿದರು, ಕೊಟ್ಟರೆ ನುಂಗಲಾಗಲಿಲ್ಲ. ಮುಖ ಕೆಂಪೇರಿತು, ಕಣ್ಣಿನ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಯಿತು. ಆಮೇಲೆ ನನ್ನ ಗುರುತೂ ಹೋಯಿತು. ಗೋಡೆಗೊರಗಿ ಕೂತು, ಬರಿಗಾಳಿಯಿಂದ ಏನನ್ನೋ ಚಿವುಟಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತ ಗೊಣಗಿದರು: "ಇದು ಬ್ಯಾಡ... ಇದಕ್ಕಿನ್ನೂ ಹೂ ಬಂದಿಲ್ಲ..."

ಹೊತ್ತು ಮುಳುಗುವ ಮುನ್ನ ಮಾವ ರಾಗಿ ಹೊತ್ತು ಬಂದರು. ಹೆಂಡತಿಯ ಕಣ್ಣು ನೋಡಿದರು, ಒಲೆಯ ಬಳಿ ನಾನು ಸೋಸಿ ಹಾಕಿದ್ದ ಕಡ್ಡಿಗಳನ್ನು ನೋಡಿದರು. ವಿಷ ಇಳಿಯಲೆಂದು ಹುಣಸೆ ನೀರು ಕಿವುಚಿ ಕುಡಿಸಲು ಹೆಣಗಿದರು. ಮರುದಿನ ಮಧ್ಯಾಹ್ನಕ್ಕೆ ಮುಂಚೆಯೇ ಅತ್ತೆಯ ಉಸಿರು ನಿಂತಿತು.

ನೆರೆದ ಜನರ ಮುಂದೆ ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಹೇಳಿದರು, "ಇವಳಿಗೆ ಬಿಸಿಲು ಬಡೀತು. ನಾನೇ ಸೊಪ್ಪಿಗೆ ಹೋಗು ಅಂತ ಕಳಿಸಿದ್ದೆ." ಕಡ್ಡಿಗಳು ಆಗಲೇ ತಿಪ್ಪೆಯಡಿ ಸೇರಿದ್ದವು. ಎರಡು ದಿನದ ಮೇಲೆ ಬಂದ ಮಗನಿಗೂ ಅದೇ ಮಾತು ಹೇಳಿದರು.

"ಮೊಣಕಾಲು ಹಿಡಿದ ಹೆಂಗಸನ್ನ ಬಿಸಿಲಿಗೆ ಕಳಿಸಾಕೆ ನಿಂಗೆ ಮನಸ್ಸು ಹೆಂಗೆ ಬಂತು?" ಎಂದು ನನ್ನ ಗಂಡ ಕೂಗಿದ. ಮಗ ಅಪ್ಪನೊಡನೆ ಆಡಿದ ಕಡೆಯ ಮಾತು ಅದು.

ಮರುವರ್ಷ ಕೆರೆಯ ನೀರು ಸರಿದಾಗ ಮಾವ ಒಂದು ಮಡಿಲು ಗಣಿಕೆ ತಂದು ನನ್ನ ಮುಂದಿಟ್ಟರು. ಎಲ್ಲದಕ್ಕೂ ಹೂವಿತ್ತು. "ಸಾರು ಮಾಡವ್ವ," ಎಂದರು. ಉಂಡು ಕೈ ತೊಳೆದವರ ಎದುರು ಕೂತು, ಅವರ ಕಣ್ಣನ್ನೇ ನೋಡುತ್ತ ಹೇಳಿದೆ, "ಮಾವ, ನಿಮ್ಮ ಮಗನಿಗೆ ನಿಜ ಹೇಳಿಬಿಡ್ತೀನಿ."

"ಹೇಳಿದ್ರೆ ಅವನಿಗೆ ಅವ್ವ ಬರಾಕಿಲ್ಲ. ಹೆಂಡ್ತಿನೂ ಇರಾಕಿಲ್ಲ. ಸುಮ್ಕಿರು."

ಅದು ಮಾವನ ಔದಾರ್ಯವೋ, ತಮಗೆ ತಾವೇ ವಿಧಿಸಿಕೊಂಡ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಆದರೆ ಅವರ ಮಾತಿನ ನೆರಳಲ್ಲಿ ನಾನು ಹಾಯಾಗಿ ಅಡಗಿಕೊಂಡದ್ದು ಮಾತ್ರ ಹೇಡಿತನ. ಒಂದೇ ಸೂರಿನಡಿ ಆರು ವರ್ಷ ತಂದೆಮಗ ಮಾತಿಲ್ಲದೆ ಉಂಡರು. ಇಬ್ಬರಿಗೂ ಬಡಿಸಿದವಳು ನಾನು. ಮಾವ ತೀರಿಕೊಂಡ ದಿನ ನನ್ನ ಗಂಡ ಹೆಣದ ಮುಂದೆ ಕಣ್ಣು ಒದ್ದೆ ಮಾಡಿಕೊಳ್ಳದೆ ನಿಂತಿದ್ದ. ನಾನು ಬಾಗಿಲ ಚೌಕಟ್ಟು ಹಿಡಿದು ಅದನ್ನು ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ.