ಬೈಗುಳ ಪಂಡಿತೆಯ ಸಾಕ್ಷಿ

ಸೀಟಿ ಹೊಡೆಯುವುದೆಂದರೆ ನಮ್ಮ ಮನೆಯ ಕುಕ್ಕರಿಗೆ ಎಲ್ಲಿಲ್ಲದ ಮೈಗಳ್ಳತನ. ಒಲೆಯ ಮೇಲೆ ಕೂತು ಬುಸುಗುಟ್ಟುತ್ತದೆ, ಗುರುಗುಟ್ಟುತ್ತದೆ, ಅಂಚಿನಿಂದ ಬೇಳೆಯ ನೀರು ಉಗುಳುತ್ತದೆ, ಸೀಟಿಯೊಂದನ್ನು ಮಾತ್ರ ಹೊಡೆಯುವುದಿಲ್ಲ. ಆಗ ನಾನು ಸವಟಿನಿಂದ ಅದರ ತಲೆಗೊಂದು ಕುಟ್ಟಿ "ಮಂಗ್ಯಾನ ಮಗನ!" ಎನ್ನುತ್ತೇನೆ. ನೀವು ಧಾರವಾಡದ ಕಡೆಯವರಾಗಿದ್ದರೆ ನಕ್ಕು ಮುಂದೆ ಓದುತ್ತೀರಿ. ಬೇರೆ ಕಡೆಯವರಾಗಿದ್ದರೆ, ಮುಂಬಯಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಹೆಂಗಸಿನ ಬಾಯಲ್ಲಿ ಇದೆಂಥ ಮಾತು ಎಂದು ಹುಬ್ಬೇರಿಸುತ್ತೀರಿ. ಆ ನಗುವಿಗೂ ಈ ಹುಬ್ಬಿಗೂ ನಡುವಿನ ಅಂತರವೆಷ್ಟೆಂದು ವಿವರಿಸಲು ನಾನೊಮ್ಮೆ ಕೋರ್ಟಿನ ಕಟಕಟೆ ಹತ್ತಬೇಕಾಯಿತು.

ಗುರುನಾಥ ನಮ್ಮ ಯಜಮಾನರ ಕಾಲೇಜು ದಿನಗಳ ಗೆಳೆಯರು, ಧಾರವಾಡದವರು, ಸಯನ್ನಿನ ತಮ್ಮ ಹೌಸಿಂಗ್ ಸೊಸೈಟಿಗೆ ಸೆಕ್ರೆಟರಿ. ಅದೇ ಸೊಸೈಟಿಯ ಚೇರ್ಮನ್ ಉಡುಪಿ ಕಡೆಯ ಶೆಟ್ಟರು. ತಂದೆ ಕಟ್ಟಿದ ಹೋಟೆಲನ್ನು ನಡೆಸುವವರು, ಗಲ್ಲಾಪೆಟ್ಟಿಗೆಯ ಮೇಲಿನ ತಂದೆಯ ಫೋಟೋಗೆ ಹಾರ ಹಾಕದೆ ಒಂದು ಚಹಾವನ್ನೂ ಮಾರದವರು. ನೀರಿನ ಟಾಕಿ ತೊಳೆಸುವ ದಿನ ಟೆರೇಸಿನ ಕೀಲಿ ಕಾಣೆಯಾಯಿತು. ಬಿಲ್ಡಿಂಗಿನವರೆಲ್ಲ ಹುಡುಕಿ ಸುಸ್ತಾದ ಮೇಲೆ ಅದು ಶೆಟ್ಟರ ಕಿಸೆಯಲ್ಲೇ ಸಿಕ್ಕಿತು. ಗುರುನಾಥ ಎಲ್ಲರೆದುರು, "ಏ ಮಂಗ್ಯಾನ ಮಗನ, ಕಿಸೆದಾಗ ಇಟ್ಕೊಂಡು ಊರೆಲ್ಲಾ ಹುಡುಕಸ್ತೀ ಏನೋ?" ಎಂದುಬಿಟ್ಟರು. ಎಲ್ಲರೂ ನಕ್ಕರು, ಶೆಟ್ಟರು ನಗಲಿಲ್ಲ. ತಮ್ಮನ್ನು ಮಂಗ ಎಂದಿದ್ದರೆ ಸಹಿಸುತ್ತಿದ್ದರಂತೆ. ಈ ಮನುಷ್ಯ ಫೋಟೋದಲ್ಲಿದ್ದ ತಂದೆಯನ್ನೇ ಮರ ಹತ್ತಿಸಿದ್ದ. ಮಾನನಷ್ಟದ ದೂರು ಕೋರ್ಟು ಮುಟ್ಟಿತು.

ಒಂದು ಸಂಜೆ ಗುರುನಾಥ ಪರೇಲಿನ ನಮ್ಮ ಮನೆಗೆ ಬಂದರು. ನನ್ನನ್ನು ಅವರು ಕರೆಯುವುದು ವೈನಿ, ಅಂದರೆ ಅತ್ತಿಗೆ, ಎಂದೇ. "ವೈನಿ, ನೀವು ಬಂದು ಒಂದ ಮಾತು ಹೇಳ್ರಿ. ನಮ್ಮ ಕಡೆ ಅದು ಬೈಗುಳ ಅಲ್ಲ, ಪ್ರೀತಿ ಅಂತ. ಅಷ್ಟ ಸಾಕು."

"ಯಾವಾಗಲೂ ಪ್ರೀತೀನ ಏನ್ರೀ?" ಎಂದೆ.

"ಅದೆಲ್ಲಾ ಯಾಕ ಹೇಳಲಿಕ್ಕೆ ಹೋಗ್ತೀರಿ? ನೀವು ನಮ್ಮವರಲ್ಲೇನು!"

ಅವರ ವಕೀಲೆ ಇನ್ನೂ ಎಳೆಯ ಹುಡುಗಿ, ಮರಾಠಿಯವಳು. ಒಂದು ಸೀಮೆಯ ಮಾತಿನ ಅರ್ಥದ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರ್ಟು ಕೇಳುತ್ತದೆಂದೂ, ಅಂಥವರನ್ನು ಯಾರೇ ಕರೆತರಲಿ, ಅವರ ಕರ್ತವ್ಯ ಕೋರ್ಟಿಗೇ ಸಲ್ಲತಕ್ಕದ್ದೆಂದೂ ವಿವರಿಸಿದಳು. ಗೊತ್ತಿರುವುದನ್ನು ಮುಚ್ಚಿಡಬಾರದು, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದು. ಇಷ್ಟು ಧರ್ಮಬೋಧೆ ಮಾಡಿ, "ಆದರೂ ಮೇಡಂ, ಪ್ರೀತಿಯ ಅರ್ಥವನ್ನು ಮೊದಲು ಹೇಳಿ" ಎಂದು ಸೇರಿಸಿದಳು.

ನೀವೇ ಯೋಚಿಸಿ, ಯಾರ ಕಡೆಯೂ ಅಲ್ಲದವರಿಗೆ ನಮ್ಮಲ್ಲಿ ಕೂರಲು ಜಾಗವಾದರೂ ಎಲ್ಲಿದೆ? ಮದುವೆಯ ಮನೆಯಲ್ಲಿ ಎಲೆ ಹಾಕುವ ಮುಂಚೆಯೇ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳುತ್ತಾರೆ. ಎರಡೂ ಅಲ್ಲ, ನಾನು ಊಟದ ರುಚಿಯ ಬಗ್ಗೆ ನಿಷ್ಪಕ್ಷಪಾತವಾದ ಅಭಿಪ್ರಾಯ ಹೇಳಲು ಬಂದವಳು ಎಂದರೆ ಯಾರು ಬಡಿಸುತ್ತಾರೆ? ಸತ್ಯವೇನೋ ಎಲ್ಲರಿಗೂ ಬೇಕು. ಆದರೆ ಅದು ನಮ್ಮ ಬೀಗರ ಪೈಕಿಯದಾಗಿರಬೇಕು.

ಬೈಕುಲ್ಲಾ ಸ್ಟೇಷನ್ನಿಗೆ ಸಮೀಪದ ಆ ಕೋರ್ಟಿನಲ್ಲಿ ಫ್ಯಾನಿನ ಸದ್ದು ಗಾಳಿಗಿಂತ ಜಾಸ್ತಿ. ದೂರಿನ ಮರಾಠಿ ಅನುವಾದ ಮಾಡಿದ ಪುಣ್ಯಾತ್ಮ ಬಹಳ ಸಂಭಾವಿತನಿರಬೇಕು, "ವಾನರಪುತ್ರ" ಎಂದು ಬರೆದಿದ್ದ. ಓದಿದವರಿಗೆ ಶೆಟ್ಟರ ಬಗ್ಗೆ ಕನಿಕರದ ಬದಲು ಭಕ್ತಿ ಹುಟ್ಟುವಂತಿತ್ತು. ಮ್ಯಾಜಿಸ್ಟ್ರೇಟರು ಅದನ್ನು ಎರಡು ಸಲ ಓದಿ, ಮೂಲದಲ್ಲಿ ಏನಿದೆ ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದರು.

"ಮಂಗನ ಮಗ ಎಂದು ಅರ್ಥ. ನಮ್ಮ ಸೀಮೆಯಲ್ಲಿ ಸಲುಗೆ ಇದ್ದಲ್ಲಿ ಇದು ಮುದ್ದಿನ ಮಾತು," ಎಂದೆ. ಗುರುನಾಥ ತಲೆದೂಗಿದರು. "ಸಲುಗೆ ಇಲ್ಲದಲ್ಲಿ ಬೈಗುಳ," ಎಂದೆ. ತೂಗುತ್ತಿದ್ದ ತಲೆ ಅಲ್ಲೇ ನಿಂತಿತು.

ಶೆಟ್ಟರ ವಕೀಲರು ಕೋಟು ಸರಿಮಾಡಿಕೊಂಡು ಎದ್ದರು. "ಈ ಮಾತನ್ನು ನೀವು ಕೊನೆಯ ಸಲ ಆಡಿದ್ದು ಯಾರಿಗೆ?"

ಪ್ರಮಾಣ ಮಾಡಿ ನಿಂತವಳು. "ಇವತ್ತು ಬೆಳಿಗ್ಗೆ, ಕುಕ್ಕರಿಗೆ."

"ಪ್ರೀತಿಯಿಂದಲೋ?"

"ಅಲ್ಲ."

ಶೆಟ್ಟರ ಮುಖ ಅರಳಿತು. "ಅಂದರೆ ಇದು ಅವಮಾನದ ಮಾತೇ!" ಎಂದರು ವಕೀಲರು.

"ಮೊಮ್ಮಗನಿಗೂ ಅನ್ನುತ್ತೇನೆ. ಒಂದು ದಿನ ಅನ್ನದಿದ್ದರೆ, ಅಜ್ಜೀ, ಮೈಯಲ್ಲಿ ಹುಷಾರಿಲ್ಲವಾ ಎಂದು ಕೇಳುತ್ತಾನೆ."

ಅರಳಿದ ಮುಖ ಬಾಡಿತು. ಮ್ಯಾಜಿಸ್ಟ್ರೇಟರು ಕುತೂಹಲ ತಡೆಯಲಾರದೆ, "ಯಜಮಾನರಿಗೆ?" ಎಂದರು.

"ಅವರಿಗೆ ಎರಡೂ ಅರ್ಥದಲ್ಲಿ, ಸ್ವಾಮಿ."

ಅವರು ಫೈಲಿನ ಮರೆಯಲ್ಲಿ ನಕ್ಕು, ಮುಖ ಒರೆಸಿಕೊಂಡು, ಗಂಭೀರರಾಗಿ ಕೇಳಿದರು: "ಹಾಗಾದರೆ ಇಲ್ಲಿ, ಈ ಆರೋಪಿ ಆಡಿದ್ದು ಯಾವ ಅರ್ಥದಲ್ಲಿ?"

ಗುರುನಾಥ ನನ್ನನ್ನೇ ನೋಡುತ್ತಿದ್ದರು. ಯಜಮಾನರು ಆಸ್ಪತ್ರೆಯಲ್ಲಿದ್ದಾಗ ದಿನವೂ ಊಟದ ಡಬ್ಬಿ ತಂದುಕೊಟ್ಟ ಮನುಷ್ಯ. ಪ್ರೀತಿ ಎಂಬ ಎರಡಕ್ಷರ ಸಾಕಿತ್ತು. ಹೇಳಿಬಿಟ್ಟಿದ್ದರೆ ಅದು ಸುಳ್ಳೆಂದು ಸಾಧಿಸುವವರು ಯಾರೂ ಇರಲಿಲ್ಲ. ಪ್ರಾಯಶಃ ಅದೇ ನಿಜವೂ ಆಗಿತ್ತು. ಆದರೆ ಮಾತಿನ ಅರ್ಥ ಬಲ್ಲೆನೆಂದು ನಿಂತವಳು ಅಂದವರ ಮನಸ್ಸನ್ನೂ ಬಲ್ಲೆನೆಂದರೆ, ಅಲ್ಲಿಗೆ ನನ್ನ ಪಾಂಡಿತ್ಯ ಮುಗಿದು ಸ್ನೇಹ ಶುರುವಾದಂತೆ.

"ನಾನು ಆವತ್ತು ಅಲ್ಲಿರಲಿಲ್ಲ. ಮಾತಿನ ಅರ್ಥ ಹೇಳಬಲ್ಲೆ. ಇವರ ಮನಸ್ಸಿನಲ್ಲಿದ್ದುದನ್ನು ಹೇಳಲಾರೆ."

ಗುರುನಾಥ ಮುಖ ತಿರುಗಿಸಿದರು. ಶೆಟ್ಟರಂತೂ ಆಗಲೇ ತಿರುಗಿಸಿಯಾಗಿತ್ತು.

ಹೊರಗೆ ಬಂದಾಗ ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಇಬ್ಬರೂ ನಿಂತಿದ್ದರು. ಮೊದಲು ಬೆನ್ನಿಗೆ ಬೆನ್ನು ಹಾಕಿಯೇ ನಿಂತಿದ್ದರು. ಶೆಟ್ಟರಿಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ್ರೆ, ಅವರನ್ನು ಕರ್ಕೊಂಡು ಬಂದದ್ದು ನೀವಲ್ವಾ?"

"ನಾನ ಕರಕೊಂಡು ಬಂದದ್ದು."

"ಮತ್ತೆ ನಿಮ್ಮ ಪರ ಹೇಳ್ಬೇಕಿತ್ತಪ್ಪ! ನಿಮ್ಮ ಊರಿನವರಂತೆ, ನಿಮ್ಮ ಫ್ರೆಂಡಿನ ಹೆಂಡತಿಯಂತೆ. ಎಂಥ ಜನ ಮಾರಾಯ್ರೆ!"

"ಅದನ್ನ ನಾನೂ ವಿಚಾರ ಮಾಡ್ಲಿಕತ್ತೀನಿ ನೋಡ್ರಿ ಶೆಟ್ಟರ," ಎಂದು ಗುರುನಾಥ ಅವರ ಕಡೆಗೆ ತಿರುಗಿದರು. "ಮಂದಿ ಮ್ಯಾಲೆ ಭರೋಸಾನ ಇಡಬಾರ್ದು ಅನಸ್ತದ."

"ನನಗೂ ಕೋರ್ಟಲ್ಲಿ ಪಾಪ ಅನಿಸ್ತು ನಿಮ್ಮನ್ನು ಕಂಡು," ಎಂದರು ಶೆಟ್ಟರು.

ಅಷ್ಟರಲ್ಲಿ ಇಬ್ಬರೂ ನನ್ನನ್ನು ಕಂಡರು. ನಾನು ನಮಸ್ಕಾರ ಎಂದೆ. ಇಬ್ಬರೂ ಒಟ್ಟಿಗೆ ಗ್ಲಾಸಿನೊಳಗೆ ಇಣುಕಿದರು. ಚಹಾ ಮುಗಿಸಿ ಶೆಟ್ಟರು ಟ್ಯಾಕ್ಸಿ ಕೂಗಿದರು. ಗುರುನಾಥ ಒಂದು ಕ್ಷಣ ಅನುಮಾನಿಸಿ, ಅದೇ ಟ್ಯಾಕ್ಸಿ ಹತ್ತಿದರು. ಸಯನ್ನಿಗೆ ಹೋಗುವವರಿಗೆ ಪರೇಲ್ ದಾರಿಯಲ್ಲೇ ಬರುತ್ತದೆ. ಆದರೂ ಬನ್ನಿ ಎಂದು ಇಬ್ಬರಲ್ಲಿ ಒಬ್ಬರೂ ಕರೆಯಲಿಲ್ಲ. ಮುಂದಿನ ತಾರೀಖಿಗೆ ಶೆಟ್ಟರು ದೂರು ಹಿಂತೆಗೆದುಕೊಂಡರೆಂಬ ಸುದ್ದಿಯೂ ನನಗೆ ವಕೀಲೆಯಿಂದಲೇ ತಿಳಿಯಬೇಕಾಯಿತು.

ಆವತ್ತು ಮಾತ್ರ ಕೋರ್ಟಿನ ಫುಟ್‌ಪಾತಿನ ಮೇಲೆ ಒಬ್ಬಳೇ ನಿಂತು, ಆ ಟ್ಯಾಕ್ಸಿಯ ಹಿಂದಿನ ಗಾಜಿನಲ್ಲಿ ಎರಡು ಬಿಳಿತಲೆಗಳು ಹತ್ತಿರ ಹತ್ತಿರ ಬಾಗಿ, ನನ್ನನ್ನು ಮನಸಾರೆ ಬೈಯುತ್ತ ಟ್ರಾಫಿಕ್ಕಿನಲ್ಲಿ ಕರಗಿಹೋಗುವುದನ್ನು ನೋಡಿದೆ. ಸಿಟ್ಟು ಬರಬೇಕಿತ್ತು. ಗಟ್ಟಿಯಾಗಿ ನಗು ಬಂತು.