ಬ್ರೇಕಿನ ಮೇಲಿನ ಕಾಲು

ಕಾಡುದಾರಿಯಲ್ಲಿ ನಸುಕಿನ ಬಸ್ಸು ಓಡಿಸಿಯೇ ತಲೆ ನರೆಸಿಕೊಂಡ ಡ್ರೈವರು ನಿವೃತ್ತಿಯಾದ ಮೇಲೆ ಕುಂಚ ಹಿಡಿದ. "ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು ನೋಡಿ" ಎಂದು ನಕ್ಕಿದ್ದ ಹೆಂಡತಿ, ಆಮೇಲೆ ಅಡುಗೆಮನೆಯ ಗೋಡೆಯನ್ನೂ ಅವನ ಚಿತ್ರಗಳಿಗೆ ಬಿಟ್ಟುಕೊಟ್ಟಳು.

ನಾಳೆ ಲೈಬ್ರರಿಯಲ್ಲಿ ಪ್ರದರ್ಶನ. ಯಾರಾದರೂ ನಕ್ಕುಬಿಟ್ಟರೆ ಎಂಬ ಕಳವಳಕ್ಕೆ ಬೆಳಗಿನಿಂದ ಅವನಿಗೆ ಊಟವೂ ಸೇರಿರಲಿಲ್ಲ. ಸಾಲದ್ದಕ್ಕೆ, ಗೋಡೆಗೆ ಒರಗಿಸಿಟ್ಟ ಚಿತ್ರಗಳ ಜಿಂಕೆ, ಮೊಲ, ಕಾಡುಹಂದಿಗಳನ್ನು ನೋಡಿ ಹೆಂಡತಿ ಕೇಳಿದಳು: "ಅಲ್ಲಾ ರೀ, ಎಲ್ಲಾ ನಮ್ಮನ್ನೇ ನೋಡ್ತಾ ನಿಂತಿವೆಯಲ್ಲ? ಯಾಕಿಷ್ಟು ಹೆದರಿವೆ?"

ಅವನು ಚಿತ್ರಗಳನ್ನು ಒಂದೊಂದಾಗಿ ನೋಡಿದ. ಹೌದಲ್ಲ! ಎಲ್ಲಕ್ಕೂ ಅಗಲ ತೆರೆದ ಹೊಳೆಯುವ ಕಣ್ಣು, ನೆಟ್ಟಗಾದ ಕಿವಿ. ಪ್ರಾಣಿಗಳು ಇರುವುದೇ ಹೀಗೆ ಎಂದುಕೊಂಡಿದ್ದ. ಹೆಡ್‌ಲೈಟಿಗೆ ಬೆಚ್ಚಿ ನಿಂತಾಗಲ್ಲದೆ ಬೇರೆ ಯಾವಾಗ ಅವುಗಳನ್ನು ನೋಡಿದ್ದ ಅವನು?

ಹೊಸ ಹಾಳೆ ಹಾಸಿದ. ಜಿಂಕೆಯ ಮುಖವನ್ನು ಆಚೆ ತಿರುಗಿಸಿ, ರಸ್ತೆ ದಾಟಿಸಿದ. ಹುಲ್ಲಿನೊಳಗೆ ಹೊಗುತ್ತಿರುವ ಬೆನ್ನು, ಒಂದು ಪುಟ್ಟ ಬಾಲ, ಅಷ್ಟೇ ಕಾಣುತ್ತಿತ್ತು.

ಹೆಂಡತಿ ಮೇಜಿನ ಕೆಳಗೆ ನೋಡಿದಳು. ಚಿತ್ರ ಬರೆಯುವಾಗಲೆಲ್ಲ ಅವನ ಬಲಗಾಲು ನೆಲವನ್ನು ಒತ್ತಿ ಹಿಡಿದಿರುತ್ತಿತ್ತು. ಈಗಲೂ ಹಾಗೇ ಇತ್ತು.

"ಅದು ದಾಟಿ ಹೋಯ್ತಲ್ಲ ರೀ, ಇನ್ನಾದ್ರೂ ಬ್ರೇಕ್ ಬಿಡಿ."

ಅವನು ಹಾಳೆಯ ಮೇಲಿನ ಖಾಲಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ತಡಿಯೇ. ಹಿಂದೆ ಮರಿ ಬರ್ತಿರುತ್ತೆ."