ಹತ್ತಕ್ಕೆ ಎರಡು

ಹೋದ ವಾರ ಹಲ್ಲು ಕೀಳಿಸಿಕೊಳ್ಳಲು ತುಮಕೂರಿನ ಬಟವಾಡಿಯ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಸೂಜಿ ಚುಚ್ಚುವ ಮುಂಚೆ ವಸಡು ಮರಗಟ್ಟಲಿ ಎಂದು ಡಾಕ್ಟರು ಬಾಯೊಳಗೆ ಎಂಥದೋ ಸ್ಪ್ರೇ ಹೊಡೆದರು. ಕಳಿತ ಬಾಳೆಹಣ್ಣಿನ ವಾಸನೆ... ಔಷಧಿಗೆ ಆ ವಾಸನೆಯನ್ನೇ ಯಾಕೆ ಹಾಕುತ್ತಾರೋ, ಹಾಕಿದವರನ್ನೇ ಕೇಳಬೇಕು. ಬಾಯಿ ತೆರೆದುಕೊಂಡು ಕೂತಿದ್ದ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ನೋವಾಯ್ತಾ ಮೇಡಂ? ನಾನಿನ್ನೂ ಏನೂ ಮಾಡೇ ಇಲ್ವಲ್ಲ" ಎಂದು ಆ ಹುಡುಗಿ ಡಾಕ್ಟರು ಗಾಬರಿಯಾದರು. ನನ್ನ ನಾಲಿಗೆ ಅಷ್ಟರಲ್ಲಿ ಮರಗಟ್ಟಿತ್ತು, ಉತ್ತರ ಹೇಳಲಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಅದೇ ಸ್ಪ್ರೇಯನ್ನು ಗಂಟಲಿಗೆ ಹೊಡೆಸಿಕೊಂಡು, "ಇದೇನವ್ವ, ಆಸ್ಪತ್ರೇಲೂ ಬಾಳೆಹಣ್ಣಿನ ರಸಾಯನ ಕೊಡ್ತೀರಾ?" ಎಂದು ಕೇಳಿದವರು ಪೂಜಾರಪ್ಪ. ಸಿ.ಎಸ್. ಪುರದ ಕಡೆಯ ಒಂದು ಹಳ್ಳಿಯಲ್ಲಿ ಅಮ್ಮನ ಗುಡಿಯ ಪೂಜಾರಿ ಅವರು. ಊರಿನವರು ಅವರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ನಾನೂ ಪೂಜಾರಪ್ಪ ಎಂದೇ ಕರೆದೆ.

ನಾನಾಗ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಹುಟ್ಟೂರು ಕುಣಿಗಲ್, ಓದಿದ್ದು ಬಿ.ಎಸ್ಸಿ., ಬಾಯಿ ಸ್ವಲ್ಪ ಜೋರು. ಆ ಬಾಯಿ ನೋಡಿಯೇ ಕೆಲಸ ಕೊಟ್ಟರೋ ಏನೋ. ಅಲ್ಲಿನ ಡಾಕ್ಟರುಗಳು ಮೇದೋಜೀರಕ ಗ್ರಂಥಿಯ ಕಾಯಿಲೆಯ ಮೇಲೆ ಒಂದು ಅಧ್ಯಯನ ನಡೆಸುತ್ತಿದ್ದರು. ಅದನ್ನು ರೋಗಿಗಳಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದು, ಚಿಕಿತ್ಸೆಯಾದ ಮೇಲೆ ಆಗಾಗ ಫೋನ್ ಮಾಡಿ ವಿಚಾರಿಸುವುದು ನನ್ನ ಕೆಲಸ. ಕನ್ನಡದಲ್ಲಿ ಹೇಳುವುದೇನೋ ಸರಿ. ಆದರೆ ಮೇದೋಜೀರಕ ಎಂಬ ಪದವನ್ನು ಪಠ್ಯಪುಸ್ತಕದ ಹೊರಗೆ ಯಾರಾದರೂ ಆಡಿದ್ದನ್ನು ನಾನಂತೂ ಕೇಳಿಲ್ಲ. ನಮ್ಮ ಕಡೆ ಹೊಟ್ಟೆಯೊಳಗಿನ ಸಕಲ ನೋವಿಗೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು. ಹಾಗಾಗಿ ನಾನು ಪಕ್ಕೆಲುಬಿನ ಕೆಳಗೆ ಕೈ ಇಟ್ಟು ತೋರಿಸುತ್ತಿದ್ದೆ: ಜಠರದ ಹಿಂದೆ, ಬೆನ್ನಿಗೆ ಆತುಕೊಂಡು ಮಲಗಿರುವ ಗ್ರಂಥಿ ಅದು, ಅದರ ನಾಳದಲ್ಲಿ ಕಲ್ಲು ಕಟ್ಟಿಕೊಂಡಿದೆ, ಅದಕ್ಕೇ ಉಂಡದ್ದೆಲ್ಲ ನೋವಾಗುತ್ತಿದೆ.

ಇದಕ್ಕೆ ಎರಡು ದಾರಿ. ಒಂದು, ಬಾಯಿಂದ ಟ್ಯೂಬು ಇಳಿಸಿ ಕಲ್ಲು ತೆಗೆದು, ನಾಳ ಮುಚ್ಚದಂತೆ ಸ್ಟೆಂಟ್ ಎಂಬ ಸಣ್ಣ ನಳಿಗೆ ಇಡುವುದು. ಇನ್ನೊಂದು, ಹೊಟ್ಟೆ ಕೊಯ್ದು ಆ ನಾಳವನ್ನು ತೆರೆದು ಕರುಳಿಗೆ ಜೋಡಿಸುವುದು. ಯಾವುದನ್ನು ಮೊದಲು ಮಾಡಿದರೆ ರೋಗಿಗೆ ಹೆಚ್ಚು ಒಳ್ಳೆಯದು ಎಂಬುದು ಆ ಡಾಕ್ಟರುಗಳಿಗೂ ಖಾತ್ರಿ ಇರಲಿಲ್ಲ. ಅದನ್ನು ತಿಳಿಯಲೆಂದೇ ಅಧ್ಯಯನ. ಯಾರಿಗೆ ಯಾವ ದಾರಿ ಎಂಬುದನ್ನು ಡಾಕ್ಟರೂ ಹೇಳುವಂತಿಲ್ಲ, ರೋಗಿಯೂ ಕೇಳುವಂತಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಹೇಳುತ್ತದೆ. ಬಂದ ದಾರಿಯಲ್ಲಿ ನೋವು ನಿಲ್ಲದಿದ್ದರೆ ಇನ್ನೊಂದು ದಾರಿ ಯಾವಾಗಲೂ ತೆರೆದೇ ಇರುತ್ತದೆ.

ಕಂಪ್ಯೂಟರು ಎಂದ ಕೂಡಲೇ ಜನ ಎದ್ದು ಹೋಗುತ್ತಿದ್ದರು. "ನಮ್ಮನ್ನೇನು ಇಲಿ ಅಂದ್ಕೊಂಡಿದ್ದೀರೇನ್ರೀ?" ಎಂದು ಶಿರಾ ಗೇಟಿನ ಅಂಗಡಿಯವರೊಬ್ಬರು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದರು. ಅವರದು ತಪ್ಪು ಎಂದು ನನಗೆ ಅನ್ನಿಸಿರಲಿಲ್ಲ.

ಪೂಜಾರಪ್ಪ ಬಂದಾಗ ಮುಂದಕ್ಕೆ ಬಾಗಿ, ಟವೆಲ್ಲಿನ ಗಂಟೊಂದನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದರು. ಹಾಗೆ ಕೂತರೆ ಈ ನೋವನ್ನು ಸ್ವಲ್ಪ ತಡೆದುಕೊಳ್ಳಬಹುದು. ಗುಡಿಯಲ್ಲೂ ಅವರು ಹಾಗೆಯೇ ಬಾಗಿಕೊಂಡು ಮಂಗಳಾರತಿ ಎತ್ತುತ್ತಿದ್ದರಂತೆ, ಜನ ಅದನ್ನು ಭಕ್ತಿ ಎಂದುಕೊಂಡಿದ್ದರಂತೆ. ಹೇಳಿ ಅವರೇ ನಕ್ಕರು. ನಾನು ಎರಡು ದಾರಿಯ ಪಾಠ ಒಪ್ಪಿಸಿ, ಇನ್ನೇನು ಇವರೂ ಏಳುತ್ತಾರೆ ಎಂದು ಕಾದೆ. ಅವರು ಏಳಲಿಲ್ಲ.

"ಹಂಗಾರೆ ಹೂ ಕೇಳ್ದಂಗೆ ಅನ್ನವ್ವ" ಎಂದರು.

ಹೂ ಕೇಳುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಹೆಣ್ಣು ನೋಡಿ ಬಂದಾಗ, ಬೋರು ಕೊರೆಸುವಾಗ, ಮನಸ್ಸು ಎರಡಾದರೆ ಗುಡಿಗೆ ಹೋಗುತ್ತಾರೆ. ಪೂಜಾರಿ ಅಮ್ಮನ ವಿಗ್ರಹದ ಎರಡೂ ಕಡೆ ಒದ್ದೆ ಹೂ ಅಂಟಿಸಿ ಕೇಳುತ್ತಾನೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಊರಿನ ಎಷ್ಟೋ ಜನರ ಮದುವೆ, ಮನೆ, ಬಾವಿಗಳನ್ನು ಹೀಗೆ ತೀರ್ಮಾನ ಮಾಡಿಸಿಕೊಟ್ಟಿದ್ದ ಮನುಷ್ಯ ಅವರು. ತಮಗಾಗಿ ಮಾತ್ರ ಒಮ್ಮೆಯೂ ಕೇಳಿರಲಿಲ್ಲವಂತೆ. ಪೂಜಾರಿ ತನ್ನದನ್ನು ತಾನೇ ಕೇಳಬಾರದು.

ಅವರಿಗೆ ಬಾಯಿಂದ ಟ್ಯೂಬು ಇಳಿಸುವ ದಾರಿ ಬಂತು. ಕೇಳಿ ಕೈ ಮುಗಿದರು. ಯಾರಿಗೆ ಮುಗಿದರೋ, ನಾನು ಆಗ ಯೋಚಿಸಲಿಲ್ಲ.

ಕಲ್ಲು ತೆಗೆದರು, ಸ್ಟೆಂಟ್ ಇಟ್ಟರು. ಅದನ್ನು ಬದಲಿಸಲು ಆಗಾಗ ಬರುತ್ತಿದ್ದರು. ಬಂದಾಗಲೆಲ್ಲ ಜೊತೆಗೆ ಹೆಂಡತಿ. ತೆಳ್ಳಗೆ, ಎತ್ತರಕ್ಕಿದ್ದ ಆಕೆಯದು ಮಾತು ಕಡಿಮೆ. ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತಿದ್ದ ಪೂಜಾರಪ್ಪನನ್ನು ನೋಡಿ ನಮ್ಮ ಡಾಕ್ಟರಿಗೂ ಖುಷಿ. ಕೊನೆಗೆ ಸ್ಟೆಂಟ್ ತೆಗೆದು ಕಳಿಸಿದರು. ಆಮೇಲೆ ನನ್ನ ಫೋನು ಶುರುವಾಯಿತು. ನೋವು ಹತ್ತಕ್ಕೆ ಎಷ್ಟು ಎಂದು ಕೇಳಬೇಕು. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು.

"ಎರಡೇ ಬುಡವ್ವ" ಎನ್ನುತ್ತಿದ್ದರು.

ಪ್ರತಿ ಸಲವೂ ಎರಡು. ನಾನು ತಮಾಷೆಗೆ, "ಏನ್ ಪೂಜಾರಪ್ಪ, ಇದೇನು ಅಂಗಡಿ ರೇಟಾ, ಫಿಕ್ಸ್ ಆಗಿರೋಕೆ?" ಎಂದರೆ ನಗುತ್ತಿದ್ದರು. ಆ ನಗು ಈಗಲೂ ಕಿವಿಯಲ್ಲಿದೆ... ನಗುವಾಗ ಮಧ್ಯೆ ಒಮ್ಮೆ ಉಸಿರು ಕಟ್ಟಿದಂತಾಗುತ್ತಿತ್ತು. ಲೈನು ಸರಿ ಇಲ್ಲ ಎಂದುಕೊಳ್ಳುತ್ತಿದ್ದೆ.

ಒಂದು ದಿನ ಅವರ ಹೆಂಡತಿಯೇ ಫೋನ್ ಮಾಡಿದರು. ಪಿಸುಮಾತಿನಲ್ಲಿ, "ಅವ್ರು ಹೇಳೋದ್ ಸುಳ್ಳು ಕಣವ್ವ. ಟವೆಲ್ಲು ಬಾಯಿಗ್ ತುರುಕ್ಕಂಡು ಅಳ್ತಾರೆ. ನೀನ್ ಫೋನ್ ಮಾಡ್ದಾಗ ಮಾತ್ರ ತೆಗೆದು, ಎರಡು ಅಂತಾರೆ" ಎಂದರು.

ನಾನು ಡಾಕ್ಟರಿಗೆ ಹೇಳಿದೆ. ತಕ್ಷಣ ಕರೆದುಕೊಂಡು ಬಾ, ಸ್ಕ್ಯಾನ್ ಮಾಡೋಣ, ಆಪರೇಷನ್ ಮಾಡೋಣ ಎಂದರು. ಫೋನಿನಲ್ಲಿ ಕರೆದರೆ ಪೂಜಾರಪ್ಪ ಬರಲೊಲ್ಲರು. ಮಾರನೆಯ ದಿನ ಗುಬ್ಬಿಗೆ ಬಸ್ ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವರ ಊರಿಗೇ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಿದ್ದೆ. ಜಗಲಿಯ ಮೇಲೆ ಮುದುರಿಕೊಂಡಿದ್ದ ಆ ದೇಹ ನೋಡಿದ ಮೇಲೆ ಅರ್ಧ ಮರೆತೇ ಹೋಯಿತು.

"ಯಾಕೆ ಸುಳ್ಳು ಹೇಳಿದ್ರಿ ಪೂಜಾರಪ್ಪ?"

"ಹೂ ಕೊಟ್ಟೈತೆ ಕಣವ್ವ. ಕೊಟ್ಟ ಮೇಲೆ ನೋಯ್ತದೆ, ಉರೀತದೆ ಅಂತ ತಕರಾರು ತೆಗೀಬಾರ್ದು. ಇನ್ನೊಂದ್ ಸಲ ಕೇಳಂಗೂ ಇಲ್ಲ. ಊರೋರಿಗೆಲ್ಲ ನಾನೇ ಹೇಳಿದೀನಿ. ನಾನೇ ತಪ್ಪಿದ್ರೆ ಎಂಗೆ?"

"ಅದು ಹೂವಲ್ಲ ಪೂಜಾರಪ್ಪ, ಕಂಪ್ಯೂಟರು! ಅದಕ್ಕೆ ನೀವ್ಯಾರು ಅಂತಾನೂ ಗೊತ್ತಿಲ್ಲ. ಆಪರೇಷನ್ ಯಾವಾಗ ಬೇಕಾದ್ರೂ ಮಾಡಿಸ್ಕೋಬಹುದು ಅಂತ ಮೊದಲ ದಿನಾನೇ ಹೇಳಿದ್ನಲ್ಲ!"

ಅವರು ನನ್ನನ್ನು ಕನಿಕರದಿಂದ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲೆ, ಆ ಹೂವಿನ ಮೇಲೆ, ಗುಡಿಯೊಳಗೆ ಕೂತಿದ್ದ ಅಮ್ಮನ ಮೇಲೂ. ನಾನು ಹೇಳಿದ್ದು, ಯಾವ ದಾರಿ ಒಳ್ಳೆಯದೋ ಯಾರಿಗೂ ತಿಳಿಯದು, ಯಾರಿಗೂ ಗೊತ್ತಿಲ್ಲದ್ದಕ್ಕೇ ಕಂಪ್ಯೂಟರಿನ ಕೈಗೆ ಕೊಟ್ಟಿದ್ದೇವೆ ಎಂದು. ಅವರು ಕೇಳಿಸಿಕೊಂಡದ್ದು ಎಲ್ಲ ತಿಳಿದವಳು ಒಬ್ಬಳು ಮೇಲಿದ್ದಾಳೆ, ಅವಳೇ ಕೊಟ್ಟಳು ಎಂದು. ಹೂ ಕೇಳ್ದಂಗೆ ಎಂಬ ಒಂದೇ ಮಾತಿನಲ್ಲಿ ಎರಡೂ ಇಷ್ಟು ದಿನ ಅಡಗಿ ಕೂತಿದ್ದವು.

ಆಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಯಿ ಬಿಟ್ಟರು. "ಯಾವ್ ದಾರೀಲಿ ಹೋಗ್ಬೇಕು ಅಂತ ಅಮ್ಮ ಹೇಳುದ್ಲು, ಸರಿ. ಕಾಲಿಗೆ ಮುಳ್ಳು ಚುಚ್ಚಿದ್ರೆ ಕೀಳ್ಬೇಡ ಅಂತ ಹೇಳುದ್ಲಾ?"

ಪೂಜಾರಪ್ಪ ಜಗಲಿಗೆ ಕೈಯೂರಿ ಎದ್ದು ಕೂತರು. ಆಮೇಲೆ, "ಶರ್ಟು ತತ್ತಾ" ಎಂದರು.

ನಾನು ಗೆದ್ದೆವು ಎಂದುಕೊಂಡೆ... ಸ್ಕ್ಯಾನಿನಲ್ಲಿ ಕಂಡದ್ದು ಬರೀ ಕಲ್ಲಲ್ಲ. ಗ್ರಂಥಿಯಲ್ಲಿ ಗಡ್ಡೆ ಎದ್ದಿತ್ತು, ಆಗಲೇ ಲಿವರಿಗೂ ಹಬ್ಬಿತ್ತು. ಈ ಕಾಯಿಲೆ ಬಹಳ ಕಾಲ ಇದ್ದವರಲ್ಲಿ ಕೆಲವರಿಗೆ ಹಾಗಾಗುತ್ತದಂತೆ. ಕೊಯ್ದು ತೆಗೆಯುವ ಹಂತ ದಾಟಿತ್ತು. ಮೊದಲ ಸಲ ನೋವು ಮರಳಿದಾಗಲೇ ಬಂದಿದ್ದರೆ ಉಳಿಯುತ್ತಿದ್ದರಾ ಎಂದು ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲಮ್ಮ" ಎಂದರು. "ಇಷ್ಟು ನೋವಂತೂ ತಿನ್ನಬೇಕಿರಲಿಲ್ಲ" ಎಂದೂ ಸೇರಿಸಿದರು. ನೋವಿಗೆ ಜೋರಾದ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ಪೂಜಾರಪ್ಪ ಹೆಚ್ಚು ದಿನ ಇರಲಿಲ್ಲ.

ಅಧ್ಯಯನ ಮುಗಿದು ಲೆಕ್ಕ ಹೊರಬರುವಷ್ಟರಲ್ಲಿ ನಾನು ಆ ಕೆಲಸ ಬಿಟ್ಟಿದ್ದೆ. ಡಾಕ್ಟರೇ ಫೋನ್ ಮಾಡಿ ತಿಳಿಸಿದರು. ಇಂಥ ಕಲ್ಲಿನ ರೋಗಿಗಳಲ್ಲಿ, ತಡಮಾಡದೆ ಹೊಟ್ಟೆ ಕೊಯ್ದು ನಾಳ ಜೋಡಿಸಿದವರಿಗೇ ನೋವು ಕಡಿಮೆಯಾಗಿತ್ತು. ಹೆಚ್ಚೇನಲ್ಲ, ಆದರೆ ಕಡಿಮೆ. ಮುಂದೆ ಬರುವವರಿಗೆ ಅದನ್ನೇ ನೇರವಾಗಿ ಹೇಳಬಹುದು.

ಈ ಸುದ್ದಿಯನ್ನು ಪೂಜಾರಪ್ಪನ ಹೆಂಡತಿಗೆ ಹೇಳಬೇಕೋ ಬೇಡವೋ ಎಂದು ಎಷ್ಟೋ ದಿನ ತಿಣುಕಾಡಿದೆ. ಹಲ್ಲಿನ ಡಾಕ್ಟರ ಕುರ್ಚಿಯಿಂದ ಎದ್ದು ಬಂದ ಮೇಲೆ ಇನ್ನು ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಹೋದೆ. ಗುಡಿಗೆ ಈಗ ಬೇರೆ ಪೂಜಾರಿ. ಆಕೆ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಬೈದರೂ ಸರಿ, ಅತ್ತರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿ ಹೇಳಿದೆ. ಆಕೆ ಅಳಲಿಲ್ಲ. ಕೈಯ ಕೆಲಸವನ್ನೂ ನಿಲ್ಲಿಸಲಿಲ್ಲ.

"ಆ ಲೆಕ್ಕದಾಗೆ ಇವ್ರು ಎರಡು ಅಂದಿದ್ದೂ ಸೇರೈತಾ?" ಎಂದರು.

"ಸೇರಿದೆ ಅಮ್ಮ. ಫೋನಲ್ಲಿ ಏನು ಹೇಳಿದ್ರೋ ಅದನ್ನೇ ಇಟ್ಕೋಬೇಕು, ಬದಲಾಯಿಸೋ ಹಾಗಿಲ್ಲ."

ಆಕೆ ಈಗ ಕೈ ನಿಲ್ಲಿಸಿದರು. ಹುಣಸೆ ಮೆತ್ತಿದ ಬೆರಳುಗಳನ್ನೇ ನೋಡುತ್ತಾ, "ಹಂಗ್ ಮಾಡ್ಬೇಡ ಮಗಾ. ಇನ್ನೊಸಿ ಜಾಸ್ತಿ ಬರ್ಕೊ. ಭಾಳ ನೋಯ್ತಿತ್ತು ಅವ್ರಿಗೆ" ಎಂದರು.

ಆಗಲಿ ಅಮ್ಮ ಎಂದೆ. ಎಲ್ಲಿ ಬರೆದುಕೊಳ್ಳಲಿ? ಆ ಲೆಕ್ಕ ಮುಗಿದುಹೋಗಿದೆ, ಅದನ್ನು ತೆರೆಯುವ ಅಧಿಕಾರ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಪೂಜಾರಪ್ಪನಿಗೆ ಬಹಳ ನೋಯುತ್ತಿತ್ತು.